ಹಳಿಗೆ ಸಲ್ಲುವ ಮರ ಹಿತ್ತಲಿಗೆ ಸಲ್ಲದೇಕೆ?

ಕ್ರಿಯೋಸೋಟ್ ಕುರಿತ ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದರೆ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ಮರ ಹಾಳಾಗದಂತೆ ಕಾಯುವ ಈ ಕಪ್ಪೆಣ್ಣೆಯನ್ನು ಐರೋಪ್ಯ ಒಕ್ಕೂಟ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು 2003ರಲ್ಲೇ ನಿಲ್ಲಿಸಿದೆ. ಅದೇ ಒಕ್ಕೂಟ 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶದಲ್ಲಿ 2029ರ ಅಕ್ಟೋಬರ್ 31ರವರೆಗೆ ಅದಕ್ಕೆ ಮತ್ತೆ ಅನುಮತಿ ಕೊಟ್ಟಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮನೆಬಳಕೆಗೆ ಕ್ರಿಯೋಸೋಟನ್ನು ಒಪ್ಪಿಯೇ ಇಲ್ಲ. ಆದರೆ ಕ್ರಿಯೋಸೋಟ್ ಕುಡಿದ ಹಳೆಯ ರೈಲ್ವೆ ಸ್ಲೀಪರುಗಳು, ಎಂದರೆ ಹಳಿಗಳ ಕೆಳಗೆ ಅಡ್ಡಲಾಗಿ ಇಡುವ ಮರದ ತೊಲೆಗಳು, ತೋಟದ ಅಂಚು ಕಟ್ಟುವುದಕ್ಕೆಂದು ಅಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತವೆ.

ಹಿತ್ತಲಿನಲ್ಲಿ ನಾಲ್ಕು ಸ್ಲೀಪರ್ ಹೂತು ಮೆಟ್ಟಿಲು ಮಾಡಿಕೊಂಡವರಿಗೆ ಬೇಕಾದ ಉತ್ತರ ಇಷ್ಟೇ: ಇದನ್ನು ಕಿತ್ತುಹಾಕಬೇಕೋ, ಇದ್ದಲ್ಲೇ ಇದ್ದರೆ ನಡೆದೀತೋ? ಉತ್ತರದಲ್ಲಿ ಅರ್ಧ ಆ ಮರದೊಳಗಿದೆ. ಇನ್ನರ್ಧ, ಆ ಮರಕ್ಕೆ ನಾವು ಏನು ಮಾಡುತ್ತೇವೆ ಎಂಬುದರಲ್ಲಿದೆ. ಆದೇಶಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುವುದಕ್ಕೂ ಈ ಎರಡನೆಯ ಅರ್ಧವೇ ಕಾರಣ.

ಹೆಸರೊಂದೇ, ವಸ್ತು ಬೇರೆ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. 1830ರ ದಶಕದ ಆರಂಭದಲ್ಲಿ ಜರ್ಮನಿಯ ರಸಾಯನತಜ್ಞ ಕಾರ್ಲ್ ರೈಖೆನ್‌ಬಾಖ್ ಬೀಚ್ ಮರದ ಟಾರಿನಿಂದ ಒಂದು ಎಣ್ಣೆ ಬೇರ್ಪಡಿಸಿದರು. ಅದು ಮಾಂಸವನ್ನು ಕೆಡದಂತೆ ಇಡುತ್ತಿತ್ತು. ಹಾಗಾಗಿ ‘ಮಾಂಸ ಕಾಯುವುದು’ ಎಂಬರ್ಥದ ಗ್ರೀಕ್ ಪದಗಳಿಂದ ಕ್ರಿಯೋಸೋಟ್ ಎಂದು ಹೆಸರಿಟ್ಟರು. ಒಂದು ಕಾಲಕ್ಕೆ ಕೆಮ್ಮಿಗೆ ಔಷಧಿಯಾಗಿದ್ದದ್ದು ಇದು. ಸೌದೆ ಒಲೆಯ ಹೊಗೆಗೊಳವೆಯ ಒಳಗೋಡೆಗೆ ಅಂಟುವ ಕಪ್ಪು ಜಿಗುಟಿಗೂ ಇದೇ ಹೆಸರು. ಅಲ್ಲಿನ ಭಯ ಕೊಳವೆಗೆ ಬೆಂಕಿ ಹತ್ತಿಕೊಳ್ಳುವುದು.

ಸ್ಲೀಪರು, ಕಂಬ, ಬೇಲಿಗೂಟಗಳಲ್ಲಿ ಇರುವುದು ಮೂರನೆಯದು, ಕಲ್ಲಿದ್ದಲು ಟಾರಿನ ಕ್ರಿಯೋಸೋಟ್. ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಯಿಸಿ ಕೋಕ್ ಎಂಬ ಇಂಧನ ಮಾಡುವಾಗ ಬರುವ ಟಾರನ್ನು ಬಟ್ಟಿ ಇಳಿಸಿ, ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್ ನಡುವೆ ಆವಿಯಾಗಿ ಬರುವ ಭಾಗವನ್ನು ಹಿಡಿದಿಟ್ಟದ್ದು. ಅದರಲ್ಲಿ ನೂರಾರು ರಾಸಾಯನಿಕಗಳಿವೆ. ತೂಕದ ಮುಕ್ಕಾಲು ಪಾಲು ಮತ್ತು ಅದಕ್ಕೂ ಹೆಚ್ಚು, ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿ ಆದ ಪಿಎಎಚ್ (ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್) ಗುಂಪಿನವು. ಎರಡು ಉಂಗುರದ ನ್ಯಾಫ್ತಲೀನ್ ನುಸಿಗುಳಿಗೆಯ ವಾಸನೆಯಿಂದ ಎಲ್ಲರಿಗೂ ಪರಿಚಿತ. ಐದು ಉಂಗುರದ ಬೆಂಜೋಪೈರೀನಿಗೆ ವಾಸನೆ ಇಲ್ಲ, ಪ್ರಮಾಣವೂ ಅತ್ಯಲ್ಪ. ಆದರೆ ಕ್ಯಾನ್ಸರಿನ ಲೆಕ್ಕದಲ್ಲಿ ಎಲ್ಲರ ಕಣ್ಣೂ ಅದರ ಮೇಲೆ.

ಮರದೊಳಗೆ ಎಷ್ಟು ಎಣ್ಣೆ?

ಬಣ್ಣದಂತೆ ಮೇಲೆ ಬಳಿದದ್ದಲ್ಲ ಇದು. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಪೇಟೆಂಟ್ ಪಡೆದ ವಿಧಾನವೇ ಈಗಲೂ ತಳಹದಿ. ಒಣಗಿದ ಮರವನ್ನು ಉಕ್ಕಿನ ಹಂಡೆಯೊಳಗೆ ತಳ್ಳಿ, ಗಾಳಿ ಹೀರಿ ತೆಗೆದು, ಬಿಸಿ ಕ್ರಿಯೋಸೋಟನ್ನು ಒತ್ತಡದಲ್ಲಿ ನುಗ್ಗಿಸುವುದು. 1902ರಲ್ಲಿ ಬಂದ ರ‍್ಯೂಪಿಂಗ್ ವಿಧಾನದಲ್ಲಿ ಮೊದಲು ಮರದೊಳಕ್ಕೆ ಗಾಳಿಯನ್ನು ಒತ್ತುತ್ತಾರೆ. ಒತ್ತಡ ಬಿಟ್ಟಾಗ ಆ ಗಾಳಿ ಹಿಗ್ಗಿ ಹೆಚ್ಚಿನ ಎಣ್ಣೆಯನ್ನು ಹೊರದಬ್ಬುತ್ತದೆ. ಎಣ್ಣೆ ಉಳಿತಾಯ, ಜಿನುಗುವುದೂ ಕಡಿಮೆ.

ಹಾಗಿದ್ದರೂ ಪ್ರಮಾಣ ಸಣ್ಣದಲ್ಲ. 2.6 ಮೀಟರ್ ಉದ್ದ, 23 ಸೆಂ.ಮೀ. ಅಗಲ, 18 ಸೆಂ.ಮೀ. ದಪ್ಪದ ಸ್ಲೀಪರ್ ಒಂದು ಘನಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಘನಮೀಟರಿಗೆ 100 ಕಿ.ಗ್ರಾಂ. ಎಣ್ಣೆ ಎಂದು ಹಿಡಿದರೆ ಹೊಸದಾಗಿದ್ದಾಗ ಒಂದೊಂದು ಸ್ಲೀಪರಿನಲ್ಲಿ 10 ಕಿಲೋಗೂ ಮೀರಿದ ಕ್ರಿಯೋಸೋಟ್ ಇತ್ತು. ಹತ್ತು ಸ್ಲೀಪರಿನ ತಡೆಗೋಡೆ ಎಂದರೆ ಮಣ್ಣಿಗೆ ಒರಗಿಸಿ ನಿಲ್ಲಿಸಿದ ಅರ್ಧ ಪೀಪಾಯಿ ಎಣ್ಣೆ.

ಈಗ ಎಷ್ಟು ಉಳಿದಿದೆ ಎಂಬಲ್ಲಿ ಹೆಚ್ಚಿನವರು ತಪ್ಪು ಲೆಕ್ಕ ಹಾಕುತ್ತಾರೆ. ಮೂವತ್ತು ವರ್ಷ ಹಳೆಯ ಮರ, ವಾಸನೆಯೂ ಇಲ್ಲ, ವಿಷವೆಲ್ಲ ಹೋಗಿರಬೇಕು ಎಂಬುದು ಅವರ ವಾದ. ಹೋಗುವುದು ಯಾವುದು ಎಂದು ನೋಡಬೇಕು. ನ್ಯಾಫ್ತಲೀನ್ 218 ಡಿಗ್ರಿಗೇ ಕುದಿಯುತ್ತದೆ, ಒಂದು ಲೀಟರ್ ನೀರಿನಲ್ಲಿ ಸುಮಾರು 30 ಮಿ.ಗ್ರಾಂ. ಕರಗುತ್ತದೆ, ಬಿಸಿಲಿಗೂ ಮಳೆಗೂ ಮೊದಲು ಜಾಗ ಖಾಲಿ ಮಾಡುವುದು ಇದೇ. ಬೆಂಜೋಪೈರೀನ್ ಕುದಿಯುವುದು 495 ಡಿಗ್ರಿಯ ಆಸುಪಾಸಿನಲ್ಲಿ. ಲೀಟರ್ ನೀರಿನಲ್ಲಿ ಕರಗುವುದು ಒಂದು ಮಿ.ಗ್ರಾಂ.ನ ಕೆಲವು ಸಾವಿರದ ಒಂದಂಶ. ಎಂದರೆ ವಾಸನೆ ಬೀರುವುದು ಹೋಗುತ್ತದೆ, ಕ್ಯಾನ್ಸರ್ ಭಯ ಇರುವುದು ಕೂತಲ್ಲೇ ಕೂರುತ್ತದೆ. ಇದರ ಜೊತೆಗೆ ಇನ್ನೊಂದು ತೊಡಕು. ಈಗಿನ ಐರೋಪ್ಯ ನಿಯಮದಂತೆ ಒಂದು ಕಿಲೋ ಕ್ರಿಯೋಸೋಟಿನಲ್ಲಿ ಬೆಂಜೋಪೈರೀನ್ 50 ಮಿ.ಗ್ರಾಂ. ದಾಟುವಂತಿಲ್ಲ. ಆ ಮಿತಿ ಬರುವ ಮುಂಚೆ ಸಂಸ್ಕರಿಸಿದ ಮರಕ್ಕೆ ಇದು ಅನ್ವಯಿಸುವುದಿಲ್ಲ; ಹಿತ್ತಲಿಗೆ ಬಂದಿರುವ ಸೆಕೆಂಡ್ ಹ್ಯಾಂಡ್ ಸ್ಲೀಪರುಗಳಲ್ಲಿ ಅಂಥವು ಬೇಕಾದಷ್ಟು.

ಯಾರ ವಾದ ಏನು

ರೈಲ್ವೆ ಮತ್ತು ವಿದ್ಯುತ್ ಜಾಲದವರ ವಾದ ತಳ್ಳಿಹಾಕುವಂಥದ್ದಲ್ಲ. ಮಣ್ಣಿನೊಳಗೆ ಅರ್ಧ, ಹೊರಗೆ ಅರ್ಧ ಇದ್ದು ದಶಕಗಟ್ಟಲೆ ಶಿಲೀಂಧ್ರ, ಗೆದ್ದಲು ಎರಡನ್ನೂ ತಡೆಯುವ ವಸ್ತುಗಳು ಕಡಿಮೆ. ಮರದ ಸ್ಲೀಪರುಗಳ ನಡುವೆ ಕೆಟ್ಟದ್ದೊಂದನ್ನು ತೆಗೆದು ಅಲ್ಲಿಗೆ ಕಾಂಕ್ರೀಟಿನದೊಂದನ್ನು ತೂರಿಸಿದರೆ ಹಳಿಯ ಬಿಗಿತ ಏರುಪೇರಾಗಿ ಆ ಒಂದರ ಮೇಲೆ ಭಾರ ಹೆಚ್ಚು ಬೀಳುತ್ತದೆ. ಹಾಗಾಗಿ ಬದಲಿಸುವುದಾದರೆ ಇಡೀ ಸಾಲನ್ನೇ ಬದಲಿಸಬೇಕು. ತಾಮ್ರ ಬೆರೆತ ಎಣ್ಣೆಗಳು ಬಂದಿವೆ, ಆದರೆ ಎಲ್ಲ ಕಡೆಯೂ ಅವು ಕ್ರಿಯೋಸೋಟಿನಷ್ಟು ಕಾಲ ಪರೀಕ್ಷೆಗೊಳಗಾಗಿಲ್ಲ.

ಆರೋಗ್ಯದ ಕಡೆಯವರ ವಾದ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ ಕ್ರಿಯೋಸೋಟನ್ನು ‘2ಎ’ ಗುಂಪಿನಲ್ಲಿ ಇಟ್ಟಿದೆ: ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಬಲವಾಗಿದೆ ಎಂದರ್ಥ. ಬೆಂಜೋಪೈರೀನ್ ಮಾತ್ರ ಕ್ಯಾನ್ಸರ್ ತರುವುದು ಖಚಿತವಾದವುಗಳ ಮೊದಲ ಗುಂಪಿನಲ್ಲೇ ಇದೆ. ವಂಶವಾಹಿಯನ್ನೇ ಕೆಡಿಸುವ ವಸ್ತುವಿಗೆ ‘ಇಷ್ಟರವರೆಗೆ ಸುರಕ್ಷಿತ’ ಎಂಬ ಗೆರೆ ಎಳೆಯಲಾಗದು ಎಂಬ ತತ್ವದ ಮೇಲೆ ಇವರು ನಿಂತಿದ್ದಾರೆ.

2022ರ ಆದೇಶ ಈ ಎರಡರ ನಡುವಿನ ರಾಜಿ. ರೈಲ್ವೆ ಸ್ಲೀಪರ್, ವಿದ್ಯುತ್ ಮತ್ತು ದೂರಸಂಪರ್ಕದ ಕಂಬ: ಇವೆರಡಕ್ಕೆ ಮಾತ್ರ, ಅದೂ ಬೇರೆ ಸೂಕ್ತ ಪರ್ಯಾಯ ಇಲ್ಲದಲ್ಲಿ. ಹಳಿಯ ಮೇಲೆ ಮಕ್ಕಳು ಕೂತು ಆಡುವುದಿಲ್ಲ, ಕಂಬದ ಬುಡದಲ್ಲಿ ಯಾರೂ ಸೊಪ್ಪು ಬೆಳೆಯುವುದಿಲ್ಲ. ಮನೆಯೊಳಗೆ, ಆಟಿಕೆಯಲ್ಲಿ, ಆಟದ ಮೈದಾನದಲ್ಲಿ, ಚರ್ಮ ಮತ್ತೆ ಮತ್ತೆ ತಾಗುವ ಉದ್ಯಾನಗಳಲ್ಲಿ, ತೋಟದ ಮೇಜುಕುರ್ಚಿಗಳಲ್ಲಿ, ಗಿಡ ಬೆಳೆಸುವ ತೊಟ್ಟಿಗಳಲ್ಲಿ, ಆಹಾರಕ್ಕೆ ತಾಗುವ ಪೆಟ್ಟಿಗೆಗಳಲ್ಲಿ ಈ ಮರ ಕೂಡದು ಎಂದು ಐರೋಪ್ಯ ನಿಯಮ ಒಂದೊಂದನ್ನೇ ಹೆಸರಿಸಿ ಹೇಳುತ್ತದೆ. ಆಕ್ಷೇಪ ಇರುವುದು ಸ್ಪರ್ಶಕ್ಕೆ ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.

ಮೂರನೆಯ ವಾದವೊಂದಿದೆ: ಇನ್ನೂ ಗಟ್ಟಿಯಾಗಿರುವ ಮರವನ್ನು ಎಸೆಯುವುದೇಕೆ, ಮರುಬಳಕೆಯೇ ಪರಿಸರಕ್ಕೆ ಒಳ್ಳೆಯದಲ್ಲವೇ? ಕೇಳಲು ಚೆನ್ನಾಗಿದೆ. ಆದರೆ ಹಳಿಯಿಂದ ಹಳಿಗೆ ಹೋದರೆ ಅದು ಮರುಬಳಕೆ. ಹಳಿಯಿಂದ ಹಿತ್ತಲಿಗೆ ಬಂದರೆ ಒಂದು ಸಂಸ್ಥೆ ಹಣ ತೆತ್ತು ವಿಲೇವಾರಿ ಮಾಡಬೇಕಿದ್ದ ಕಸ, ಹಣ ಕೊಟ್ಟು ಕೊಂಡವರ ತಲೆಗೆ ಬಂತು ಎಂದೇ ಹೇಳಬೇಕು.

ಗುರುತು ಹಿಡಿಯುವುದು

ಹೊಸದಾದರೆ ಕಷ್ಟವಿಲ್ಲ: ಕಪ್ಪು ಅಥವಾ ಕಡುಕಂದು, ಮೂಗಿಗೆ ಹೊಡೆಯುವ ಟಾರು ವಾಸನೆ, ಬಿಸಿಲಲ್ಲಿ ಜಿಗುಟು. ಹಳೆಯದು ಬೂದುಬಣ್ಣಕ್ಕೆ ತಿರುಗಿ ಮಾಮೂಲಿ ಮರದಂತೆಯೇ ಕಾಣುತ್ತದೆ. ಕೈಗವಸು ಹಾಕಿ, ಸೀಳಿದ ಕಡೆಯಲ್ಲಿ ಉಳಿಯ ತುದಿಯಿಂದ ಎರಡು ಮಿ.ಮೀ. ಕೆರೆದು ನೋಡಿದರೆ ಒಳಗೆ ಕಪ್ಪು ಸಿಗುತ್ತದೆ. ತುದಿಯ ಕೊಯ್ತದಲ್ಲಿ ಹೊರಸುತ್ತು ಕಪ್ಪಾಗಿ ನಡುವಿನ ಚೇಗು ತಿಳಿಬಣ್ಣದಲ್ಲಿ ಇದ್ದರೆ ಬಹುಮಟ್ಟಿಗೆ ಖಾತ್ರಿ. ಎಣ್ಣೆ ಹೊರಗಿನ ಬಿಳಿಮರಕ್ಕೆ ಇಳಿಯುತ್ತದೆ, ಗಟ್ಟಿ ಚೇಗಿಗೆ ಇಳಿಯುವುದಿಲ್ಲ. ಮೇಲ್ಮೈಯಲ್ಲಿ ಸಾಲುಸಾಲಾಗಿ ಸಣ್ಣ ಸೀಳುಗಳು, ಹಳಿಯ ಮೊಳೆಗಳ ತೂತು, ಕಬ್ಬಿಣದ ತಟ್ಟೆ ಕೂತ ತಗ್ಗು ಕಂಡರೆ ಅನುಮಾನವೇ ಬೇಡ.

ಹಸಿರು ಛಾಯೆ ಇದ್ದರೆ ಅದು ಬೇರೆ ಜಾತಿ: ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ಆಗಿರಬಹುದು. ಅದನ್ನು ಸುಟ್ಟರೆ ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ. ಹಳೆಯ ಕಂಬಗಳಲ್ಲಿ ಮರ ಕಾಯುವ ಇನ್ನೊಂದು ವಿಷ ಪೆಂಟಾಕ್ಲೋರೋಫಿನಾಲ್ ಇರುವುದೂ ಉಂಟು. ಬೇಗ ನಾಶವಾಗದ ವಿಷಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2015ರಲ್ಲಿ ಸೇರಿದ್ದು ಅದು. ಯಾವುದೆಂದು ತಿಳಿಯದಿದ್ದರೆ ಮೂರಕ್ಕೂ ಹೊಂದುವ ಎಚ್ಚರಿಕೆ ಒಂದೇ: ಸುಡಬಾರದು, ಒಳಗೆ ತರಬಾರದು, ಅದರ ಹೊಟ್ಟನ್ನು ಮಣ್ಣಿಗೆ ಬೀಳಿಸಬಾರದು.

ಮೈಗೆ ಬರುವ ದಾರಿಗಳು

ಒಮ್ಮೆ ಸ್ಲೀಪರ್ ಮೆಟ್ಟಿಲು ಹತ್ತಿ ಇಳಿದವರಿಗೆ ಏನೂ ಆಗುವುದಿಲ್ಲ. ತೊಂದರೆ ಬರುವ ದಾರಿಗಳು ಗೊತ್ತಿರುವಂಥವೇ.

ಮೊದಲನೆಯದು ಚರ್ಮ ಮತ್ತು ಬಿಸಿಲು ಸೇರಿದಾಗ. ಕ್ರಿಯೋಸೋಟಿನಲ್ಲಿರುವ ಆಂಥ್ರಸೀನ್, ಅಕ್ರಿಡೀನ್‌ನಂಥವು ಚರ್ಮದ ಮೇಲೆ ಕೂತು ಬಿಸಿಲಿನ ನೇರಳಾತೀತ ಕಿರಣ ಹೀರಿಕೊಂಡು ಅಲ್ಲೇ ಸುಡುತ್ತವೆ. ಮೋಡ ಕವಿದ ದಿನ ಏನೂ ಅನಿಸದ ಕೆಲಸ, ಬಿಸಿಲಲ್ಲಿ ಮಾಡಿದಾಗ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ ತರುತ್ತದೆ. ಚರ್ಮ ಕೆಂಪಾಗಿ, ಬೊಬ್ಬೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯಬಹುದು. ಬೆಳಿಗ್ಗೆ ಕೈಗೆ ತಾಗಿದ್ದನ್ನು ತೊಳೆಯದೆ ಮಧ್ಯಾಹ್ನ ಬಿಸಿಲಿಗೆ ಹೋದರೂ ಇದೇ ಪಾಡು. ‘ಅಲರ್ಜಿ ಇರಬೇಕು’ ಎಂದು ಸುಮ್ಮನಾಗುವವರೇ ಹೆಚ್ಚು. ಅಲರ್ಜಿಗೆ ಮೈಯ ಗುಣ ಬೇಕು, ಇದಕ್ಕೆ ಎಣ್ಣೆ ಮತ್ತು ಬಿಸಿಲು ಇದ್ದರೆ ಸಾಕು.

ಮಣ್ಣಿನ ದಾರಿ ನಿಧಾನದ್ದು. ಭಾರವಾದ ಪಿಎಎಚ್‌ಗಳು ಮಣ್ಣಿನ ಜೈವಿಕಾಂಶಕ್ಕೆ ಬಿಗಿಯಾಗಿ ಅಂಟುವುದರಿಂದ ದೂರ ಹೋಗುವುದಿಲ್ಲ. ಮರಕ್ಕೆ ತಾಗಿದ ಒಂದು ಗೇಣು ಮಣ್ಣಿನಲ್ಲೇ ಹೆಚ್ಚು ಸೇರಿಕೊಳ್ಳುತ್ತವೆ, ಮೊಳ ದಾಟುವಷ್ಟರಲ್ಲಿ ಬಹಳ ಇಳಿಯುತ್ತವೆ. ಗಿಡ ಬೇರಿನಿಂದ ಎಳೆದುಕೊಂಡು ಹಣ್ಣಿಗೆ ಸಾಗಿಸುವುದೂ ಕಡಿಮೆಯೇ. ಆದರೆ ಕ್ಯಾರೆಟ್‌ನಂಥ ಗಡ್ಡೆಗಳ ಸಿಪ್ಪೆಯಲ್ಲಿ ಸೇರುತ್ತವೆ, ಮಳೆಹನಿ ಸಿಡಿಸಿದ ಮಣ್ಣಿನ ಜೊತೆ ಸೊಪ್ಪಿನ ಎಲೆಗೆ ಅಂಟುತ್ತವೆ. ಅದೇ ಮಣ್ಣಿನಲ್ಲಿ ಆಡಿ ಬೆರಳು ಚೀಪುವ ಮಗುವಿಗೆ ಗಿಡದ ಮಧ್ಯಸ್ತಿಕೆಯೂ ಬೇಕಿಲ್ಲ.

ಮನೆಯೊಳಗೆ ಆವಿಯೇ ಮುಖ್ಯ. ಸ್ಲೀಪರನ್ನು ಚೆನ್ನಾಗಿ ಉಜ್ಜಿ, ವಾರ್ನಿಷ್ ಹೊಡೆದು ಕಪಾಟಿನ ಹಲಗೆ ಮಾಡುವ, ಬೆಂಕಿಗೂಡಿನ ಮೇಲಿನ ತೊಲೆ ಮಾಡುವ ಚಾಳಿ ಇದೆ. ಬೆಂಕಿ ಹಚ್ಚಿದಾಗೆಲ್ಲ ಆ ತೊಲೆ ಕಾದು ಮುಚ್ಚಿದ ಕೋಣೆಗೆ ಆವಿ ಬಿಡುತ್ತದೆ. ಈ ಮರದ ಬಳಕೆಗಳಲ್ಲೆಲ್ಲ ಇಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ನೀರಿನಲ್ಲಿ ಕರಗುವ ಹಗುರ ಅಂಶಗಳು ಮೀನಿಗೆ ವಿಷ. ಕೊಳದ ಅಂಚಿಗೂ ಕುಡಿಯುವ ನೀರಿನ ಬಾವಿಯ ಪಕ್ಕಕ್ಕೂ ಈ ಮರ ಬೇಡ. ಜೇನುಪೆಟ್ಟಿಗೆಗೂ, ಮರ ಕಡಿಯುವ ಅಭ್ಯಾಸದ ಪ್ರಾಣಿಗಳ ಕೊಟ್ಟಿಗೆಗೂ ಬೇಡ.

ಕೀಳಬೇಕೇ, ಬಿಡಬೇಕೇ?

ಇಲ್ಲಿ ಒಂದು ವಿಪರ್ಯಾಸವಿದೆ. ಒಂದು ಸ್ಲೀಪರನ್ನು ಅಗೆದು ಎತ್ತಿ, ಕೊಯ್ದು, ಸಾಗಿಸುವ ಒಂದು ದಿನದಲ್ಲಿ ಮೈಗೆ ತಾಗುವ ಎಣ್ಣೆ, ಅದು ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದರೆ ಹತ್ತು ವರ್ಷದಲ್ಲೂ ತಾಗದಿರಬಹುದು. ಹಾಗಾಗಿ ಕಂಡ ಕೂಡಲೇ ಕೀಳುವುದು ಜಾಣತನವಲ್ಲ. ಮರ ಎಲ್ಲಿದೆ ಎಂಬುದೇ ನಿರ್ಧರಿಸಬೇಕು.

ಮನೆಯೊಳಗಿದ್ದರೆ, ಮಕ್ಕಳ ಮರಳುಗುಂಡಿಯ ಅಂಚಿನಲ್ಲೋ ಉಯ್ಯಾಲೆಯಲ್ಲೋ ಕೂರುವ ಬೆಂಚಿನಲ್ಲೋ ಇದ್ದರೆ, ತರಕಾರಿ ಪಾತಿಯ ಕಟ್ಟೆಯಾಗಿದ್ದರೆ, ನೀರಿಗೆ ತಾಗಿದ್ದರೆ ತೆಗೆಯಲೇಬೇಕು. ಪಾತಿಯದಾದರೆ ಮರದ ಜೊತೆಗೆ ಅದಕ್ಕೆ ತಾಗಿದ 30 ಸೆಂ.ಮೀ. ಅಗಲದ ಮಣ್ಣನ್ನೂ, ಮರದ ತಳದಿಂದ ಇನ್ನೊಂದು 15 ಸೆಂ.ಮೀ. ಆಳದವರೆಗೆ ತೆಗೆದು ಹೊಸ ಮಣ್ಣು ತುಂಬುವುದು ಒಳ್ಳೆಯದು. ಎಣ್ಣೆಯ ಕಪ್ಪೋ ವಾಸನೆಯೋ ಇನ್ನೂ ಕಂಡರೆ ಅದು ನಿಲ್ಲುವವರೆಗೂ ಅಗೆಯಬೇಕು. ಹೊಸ ಮಣ್ಣಿನಲ್ಲಿ ಮೊದಲು ಗಡ್ಡೆ, ಸೊಪ್ಪು ಬಿಟ್ಟು ನೆಲದಿಂದ ಮೇಲೆ ಕಾಯಿ ಬಿಡುವ ಗಿಡ ಹಾಕಬಹುದು.

ಪಾತಿಯ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಸಾಲದೇ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಪಾಲಿಥೀನ್ ಎಣ್ಣೆಯ ಹರಿವನ್ನು ತಡೆಯುತ್ತದೆ ನಿಜ. ಆದರೆ ನ್ಯಾಫ್ತಲೀನ್‌ನಂಥ ಅಣುಗಳು ಪಾಲಿಥೀನಿನೊಳಗೇ ಕರಗಿ ಇನ್ನೊಂದು ಬದಿಗೆ ದಾಟುತ್ತವೆ. ಕೆರೆ, ನದಿಗಳಲ್ಲಿ ಪಿಎಎಚ್ ಅಳೆಯುವ ಪರಿಸರ ವಿಜ್ಞಾನಿಗಳು ನೀರಿಗಿಳಿಬಿಡುವುದೇ ಪಾಲಿಥೀನ್ ಪಟ್ಟಿಯನ್ನು, ಅದು ಅವುಗಳನ್ನು ಅಷ್ಟು ಚೆನ್ನಾಗಿ ಹೀರುತ್ತದೆ ಎಂಬ ಕಾರಣಕ್ಕೆ. ಹೂಗಿಡದ ತಡೆಗೋಡೆಗೆ ದಪ್ಪ ಹಾಳೆ ಸಾಕು. ತಿನ್ನುವ ಬೆಳೆಗೆ ಸಾಲದು.

ಉಳಿದಂತೆ ದೂರದ ಬೇಲಿಗೂಟ, ನೆರಳಿನ ತಡೆಗೋಡೆ, ಯಾರೂ ಕೂರದ ಮೂಲೆಯ ತೊಲೆ: ಇವನ್ನು ಬಿಟ್ಟುಬಿಡಬಹುದು. ಮೆಟ್ಟಿಲು ಮಧ್ಯದ ಸ್ಥಿತಿ. ಬರಿಗಾಲಲ್ಲಿ ಓಡಾಡುವ ಮನೆಯಾದರೆ ಮೇಲೆ ಕಲ್ಲುಚಪ್ಪಡಿ ಕೂರಿಸಿದರೆ ಸ್ಪರ್ಶ ನಿಂತಂತೆ.

ಬಿಟ್ಟ ಮರಕ್ಕೆ ಲೇಪ

ಮಾಮೂಲಿ ಬಣ್ಣ ಹೊಡೆದವರಿಗೆ ಎರಡು ವಾರದಲ್ಲಿ ಕಂದು ಕಲೆ ಎದ್ದು ಕಾಣುತ್ತದೆ. ಮರದೊಳಗಿನ ಎಣ್ಣೆಯು ಬಣ್ಣವನ್ನು ಹಿಡಿದಿಡುವ ಬಂಧಕವನ್ನೇ ಕರಗಿಸಿ ಮೇಲೆ ಬರುತ್ತದೆ; ಬಣ್ಣ ಒಣಗದೆ ಜಿಗುಟಾಗಿಯೇ ಉಳಿಯುತ್ತದೆ. ಇಪಿಎ ಕ್ರಿಯೋಸೋಟ್ ಮರಕ್ಕೆ ಆಗಬಹುದೆಂದು ಹೇಳುವ ಲೇಪಗಳು ಯುರೆಥೇನ್, ಎಪಾಕ್ಸಿ, ಶೆಲ್ಯಾಕ್. ಶೆಲ್ಯಾಕ್ ಎಂದರೆ ಅರಗಿನ ವಾರ್ನಿಷ್. ಅದು ಆಲ್ಕೊಹಾಲಿನಲ್ಲಿ ಕರಗಿರುವುದರಿಂದ ಕ್ರಿಯೋಸೋಟಿಗೆ ಅಷ್ಟಾಗಿ ಜಗ್ಗುವುದಿಲ್ಲ, ಆದರೆ ಮಳೆಗೆ ಬೆಳ್ಳಗಾಗಿ ಏಳುತ್ತದೆ. ಎಪಾಕ್ಸಿ ಗಟ್ಟಿ, ಬಿಸಿಲಿಗೆ ಪುಡಿಯಾಗುತ್ತದೆ. ಹಾಗಾಗಿ ಹೊರಗಿನ ಮರಕ್ಕೆ ಕೆಳಗೊಂದು ತಡೆಲೇಪ, ಮೇಲೆ ಹೊರಾಂಗಣದ ಪಾಲಿಯುರೆಥೇನ್ ಎರಡು ಕೈ ಎಂಬುದು ಬಾಳಿಕೆ ಬರುವ ಕ್ರಮ. ಮೊದಲು ಒಂದು ಅಡಿ ಚೌಕದಲ್ಲಿ ಹಚ್ಚಿ ಒಂದು ವಾರ ಬಿಸಿಲು ಕಾಣಿಸಿ. ಕಲೆ ಎದ್ದರೆ ಅಥವಾ ಬೆರಳಿಗೆ ಅಂಟಿದರೆ ಆ ಮರ ಇನ್ನೂ ಲೇಪಕ್ಕೆ ತಯಾರಿಲ್ಲ.

ಎಣ್ಣೆ ಜಿನುಗುವುದು ಹೆಚ್ಚಾಗಿ ಬಿಸಿಲು ಬೀಳುವ ಮೈಯಲ್ಲಿ. ಕಾದಾಗ ಎಣ್ಣೆ ತೆಳುವಾಗಿ, ಒಳಗೆ ಸಿಕ್ಕ ಗಾಳಿ ಹಿಗ್ಗಿ ಅದನ್ನು ಹೊರದಬ್ಬುತ್ತದೆ. ಒಣಮರಳೋ ಮರದ ಹೊಟ್ಟೋ ಉದುರಿಸಿ, ಹೀರಿದ ಮೇಲೆ ಕೆರೆದು ಚೀಲಕ್ಕೆ ತುಂಬಿ. ಮರಕ್ಕೆ ನೆರಳು ಮಾಡಿ. ಪ್ರೆಷರ್ ವಾಷರ್ ಹಿಡಿದರೆ ಎಣ್ಣೆ ಹನಿಹನಿಯಾಗಿ ಮುಖಕ್ಕೂ ಪಕ್ಕದ ಗಿಡಕ್ಕೂ ಹಾರುತ್ತದೆ. ತೋಪಡ, ಎಮರಿ ಕಾಗದ, ಬಿಸಿಗಾಳಿ ಯಂತ್ರ ಮೂರೂ ನಿಷಿದ್ಧ: ಮೊದಲೆರಡು ಪುಡಿ ಎಬ್ಬಿಸುತ್ತವೆ, ಮೂರನೆಯದು ಆವಿ.

ಕೊಯ್ಯಲೇಬೇಕಾದರೆ

ಕೊಯ್ಯದೆ ಇಡಿಯಾಗಿ ಸಾಗಿಸಲು ಸಾಧ್ಯವಾದರೆ ಅದೇ ಮೇಲು. ಗಟ್ಟಿಮರದ ಸ್ಲೀಪರ್ 80–100 ಕಿಲೋ ತೂಗುವುದರಿಂದ ಎಲ್ಲರಿಗೂ ಅದು ಆಗುವುದಿಲ್ಲ.

ತಂಪಾದ, ಮೋಡದ ದಿನ ಅಥವಾ ಸಂಜೆ ಹೊತ್ತು ಆರಿಸಿಕೊಳ್ಳಿ. ಎಣ್ಣೆ ಗಟ್ಟಿಯಾಗಿರುತ್ತದೆ, ಬಿಸಿಲೂ ಇಲ್ಲ. ಕೈಗೆ ನೈಟ್ರೈಲ್ ಗವಸು, ಅದರ ಮೇಲೆ ಸೀಳು ಚುಚ್ಚದಂಥ ದಪ್ಪ ಗವಸು. ಬರೀ ಚರ್ಮದ ಗವಸು ಎಣ್ಣೆ ಕುಡಿದು ದಿನವಿಡೀ ಕೈಗೆ ಒತ್ತಿಕೊಂಡಿರುತ್ತದೆ, ಹಾಕದಿರುವುದಕ್ಕಿಂತ ಕಡೆ. ತುಂಬುತೋಳಿನ ಅಂಗಿ, ಮುಚ್ಚಿದ ಕನ್ನಡಕ ಬೇಕು. ಪುಡಿಗೆ ಎನ್95 ಮುಖಗವಸು ಸಾಕು, ಆವಿಗೆ ಸಾಲದು. ಯಂತ್ರದ ಗರಗಸದಲ್ಲಿ ಹೆಚ್ಚು ಹೊತ್ತು ಕೊಯ್ಯುವುದಾದರೆ ಸಾವಯವ ಆವಿ ಹೀರುವ ಇದ್ದಿಲಿನ ಕಾಟ್ರಿಜ್ ಜೊತೆಗೆ ಪುಡಿ ತಡೆಯುವ ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕಾಗುತ್ತದೆ.

ಕೆಳಗೆ ದೊಡ್ಡ ಟಾರ್ಪಾಲು ಹಾಸಿ. ಕೊಯ್ಯುವ ಗೆರೆಯನ್ನು ತಂತಿಬ್ರಷ್ಷಿನಿಂದ ನಿಧಾನಕ್ಕೆ ಉಜ್ಜಿ, ಕಣ್ಣಿಟ್ಟು ನೋಡಿ: ಮುರಿದ ಮೊಳೆಯ ತುಂಡು, ಬಿರುಕಿನಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು ಸಾಮಾನ್ಯ. ಚೈನ್ ಗರಗಸಕ್ಕೆ ಅದು ಸಿಕ್ಕರೆ ಹಲ್ಲು ಹೋಗುವುದು ಹಾಗಿರಲಿ, ಗರಗಸವೇ ಎದೆಯ ಕಡೆ ಎಗರುತ್ತದೆ. ಮೊಂಡಾದ ಅಲಗು ಮರವನ್ನು ಕಾಯಿಸಿ ಹೊಗೆ ಎಬ್ಬಿಸುತ್ತದೆ. ಹರಿತವಾದ, ದೊಡ್ಡ ಹಲ್ಲಿನ ಅಲಗಿನಿಂದ ನಿಲ್ಲಿಸಿ ನಿಲ್ಲಿಸಿ ಕೊಯ್ಯಿರಿ. ಒಂದೆರಡು ಕೊಯ್ತಕ್ಕೆ ಕೈಗರಗಸವೇ ಸಾಕು, ದಪ್ಪ ಹೊಟ್ಟು ನೇರ ಕೆಳಗೆ ಬೀಳುತ್ತದೆ. ಹೊಟ್ಟನ್ನು ಟಾರ್ಪಾಲಿನೊಡನೆಯೇ ಮಡಚಿ ಚೀಲಕ್ಕೆ. ಕಾಂಪೋಸ್ಟ್ ಗುಂಡಿಗೂ ಗಿಡದ ಬುಡದ ಹೊದಿಕೆಗೂ ಅದು ಸಲ್ಲದು.

ಮೈಗೆ ತಾಗಿದರೆ ಸೀಮೆಎಣ್ಣೆ, ಪೆಟ್ರೋಲು, ತಿನ್ನರ್ ಹಾಕಿ ಒರೆಸುವುದು ಎಲ್ಲರೂ ಮಾಡುವ ತಪ್ಪು. ಅವು ಕ್ರಿಯೋಸೋಟನ್ನು ತೆಳುಮಾಡಿ ಚರ್ಮದೊಳಕ್ಕೆ ದಾಟಿಸುತ್ತವೆ. ಅಡುಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರು, ಬಳಿಕ ವೈದ್ಯರು. ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ನೆನೆಹಾಕಬೇಡಿ. ಎಣ್ಣೆ ನೆಂದದ್ದಾದರೆ ಎಸೆಯುವುದೇ ಸರಿ.

ಒಲೆಗೆ ಹಾಕಿದರೆ

ಎಣ್ಣೆ ಕುಡಿದ ಒಣಮರ ಧಗಧಗ ಉರಿಯುತ್ತದೆ. ಆಸೆ ಹುಟ್ಟುವುದು ಅದಕ್ಕೇ. ಆದರೆ ಪಿಎಎಚ್‌ಗಳು ಪೂರ್ತಿ ಮುರಿದುಹೋಗಲು ಬಿಸಿ, ಗಾಳಿ, ಸಮಯ ಮೂರೂ ಒಟ್ಟಿಗೆ ಬೇಕು. ಐರೋಪ್ಯ ನಿಯಮ ಕಸ ಸುಡುವ ಸ್ಥಾವರಗಳಿಗೆ ವಿಧಿಸುವ ಅಳತೆ: ಹೊಗೆ ಕನಿಷ್ಠ 850 ಡಿಗ್ರಿಯಲ್ಲಿ ಎರಡು ಸೆಕೆಂಡ್ ನಿಲ್ಲಬೇಕು. ಬಯಲಿನ ಬೆಂಕಿಯಲ್ಲಿ, ಮನೆಯ ಒಲೆಯಲ್ಲಿ ಜ್ವಾಲೆಯ ನಡುಭಾಗ ಬಿಸಿ ಇದ್ದರೂ ಅಂಚು ತಣ್ಣಗಿರುತ್ತದೆ. ಎಣ್ಣೆ ಅರೆಬರೆ ಸುಟ್ಟು ಹೊಗೆಯಾಗಿ ಹೋಗುತ್ತದೆ, ಜೊತೆಗೆ ಹೊಸ ಪಿಎಎಚ್‌ಗಳೂ ಅಲ್ಲೇ ಹುಟ್ಟುತ್ತವೆ. ಆ ಹೊಗೆಯಲ್ಲಿ ಮಾಂಸವನ್ನೋ ಜೋಳವನ್ನೋ ಸುಟ್ಟರೆ ತಿನ್ನುವುದೂ ಅದನ್ನೇ.

2016ರಲ್ಲಿ ಇಪಿಎ ಕೆಲವು ಬಗೆಯ ಕೈಗಾರಿಕಾ ಬಾಯ್ಲರುಗಳ ಮಟ್ಟಿಗೆ ಕ್ರಿಯೋಸೋಟ್ ಸ್ಲೀಪರನ್ನು ಕಸವೆನ್ನದೆ ಇಂಧನವೆಂದು ಒಪ್ಪಿತು. ‘ಅವರು ಸುಡಬಹುದಾದರೆ ನಾವೇಕೆ ಬಾರದು’ ಎಂಬ ಪ್ರಶ್ನೆಗೆ ಉತ್ತರ ಮೇಲಿನ ಎರಡು ಸೆಕೆಂಡಿನಲ್ಲಿದೆ.

ಎಲ್ಲಿಗೆ ಕಳಿಸುವುದು

ಈ ಮರಕ್ಕೆ ಎಲ್ಲೆಡೆ ಒಂದೇ ನಿಯಮವಿಲ್ಲ. ಐರೋಪ್ಯ ದೇಶಗಳಲ್ಲಿ ಸಾಮಾನ್ಯವಾಗಿ ಅಪಾಯಕಾರಿ ಕಸ. ಅಮೆರಿಕದಲ್ಲಿ ಮನೆಯಿಂದ ಹೋದದ್ದನ್ನು ಅನೇಕ ಕಡೆ ತಳಕ್ಕೆ ಪದರ ಹಾಸಿದ ಕಸದ ಗುಂಡಿಗಳು ತೆಗೆದುಕೊಳ್ಳುತ್ತವೆ. ಸ್ಥಳೀಯ ಕಸ ವಿಭಾಗಕ್ಕೆ ಕೇಳುವಾಗ ‘ಹಳೆಯ ಮರ’ ಎನ್ನಬೇಡಿ, ‘ಕ್ರಿಯೋಸೋಟ್ ಹಾಕಿದ ಮರ’ ಎನ್ನಿ. ಬರೀ ಮರವೆಂದರೆ ಅದು ಚಕ್ಕೆ ಮಾಡುವ ಯಂತ್ರಕ್ಕೆ ಹೋಗಿ ಇನ್ನಾರದೋ ತೋಟದ ಹೊದಿಕೆಯಾಗಿ ಮರಳುತ್ತದೆ. ಒಯ್ಯುವವರೆಗೆ ಮಳೆ ಬೀಳದಂತೆ, ನೆಲಕ್ಕೆ ತಾಗದಂತೆ ಮುಚ್ಚಿಡಿ.

2029ರ ಗಡುವು ಮನೆಗಳಿಗೆ ತರುವ ಬದಲಾವಣೆ ಪರೋಕ್ಷ. ಅದು ಹೊಸದಾಗಿ ಎಣ್ಣೆ ತುಂಬುವುದಕ್ಕೆ ಸಂಬಂಧಿಸಿದ್ದು. ಹಿತ್ತಲಿನಲ್ಲಿ ಈಗಾಗಲೇ ಹೂತಿರುವ ಮರದ ತಂಟೆಗೆ ಬರುವುದಿಲ್ಲ. ಹಳಿ ಸಾಲುಗಳು ಕಾಂಕ್ರೀಟಿಗೆ ತಿರುಗಿದಷ್ಟೂ ಹಳೆಯ ಸ್ಲೀಪರುಗಳು ಹೆಚ್ಚು ಹೊರಬರುತ್ತವೆ, ಅವಕ್ಕೆ ಗಿರಾಕಿ ಹುಡುಕುವವರೂ ಹೆಚ್ಚುತ್ತಾರೆ.

ಬಿಟ್ಟ ಮರಕ್ಕೆ ಕೊನೆಯದಾಗಿ ಮಾಡಬೇಕಾದ್ದೊಂದಿದೆ. ಸ್ಲೀಪರ್ ಮನೆಯ ಮಾಲೀಕರಿಗಿಂತ ಹೆಚ್ಚು ಕಾಲ ಅಲ್ಲಿರುತ್ತದೆ. ಬೂದುಬಣ್ಣಕ್ಕೆ ತಿರುಗಿ ವಾಸನೆ ಕಳೆದುಕೊಂಡ ಅದನ್ನು ಮುಂದೆ ಬರುವವರು ಒಳ್ಳೆಯ ಸೌದೆ ಎಂದುಕೊಳ್ಳುತ್ತಾರೆ. ಅಂಗೈ ಅಗಲದ ತಗಡಿಗೆ ‘ಕ್ರಿಯೋಸೋಟ್ ಮರ, ಸುಡಬೇಡಿ, ಕೊಯ್ಯಬೇಡಿ’ ಎಂದು ಕೊರೆದು, ಮಣ್ಣು ಮುಚ್ಚದ ಕಡೆ ಎರಡು ತಾಮ್ರದ ಮೊಳೆ ಹೊಡೆದು ಕೂರಿಸಿ. ಬಣ್ಣದಲ್ಲಿ ಬರೆದದ್ದು ಎಣ್ಣೆಗೆ ನಿಲ್ಲುವುದಿಲ್ಲ.